ಕೂದಲ ಬಣ್ಣ ಇಳಿಯುವುದು ಬಚ್ಚಲಲ್ಲಿ

ತಂಗಿಯ ಮದುವೆಗೆಂದು ಪಾರ್ಲರಿನಲ್ಲಿ ಮೂರು ಗಂಟೆ ಕೂತು ಹಾಕಿಸಿಕೊಂಡ ಬರ್ಗಂಡಿ ಬಣ್ಣ, ಮದುವೆಯ ಆಲ್ಬಮ್ ಮನೆಗೆ ಬರುವಷ್ಟರಲ್ಲಿ ತುಕ್ಕು ಹಿಡಿದಂತಾಗಿರುತ್ತದೆ. ಆಗ ಹೆಚ್ಚಿನವರು ಬಯ್ಯುವುದು ಬಣ್ಣದ ಕಂಪನಿಯನ್ನು, ಇಲ್ಲವೇ ಬಣ್ಣ ಹಚ್ಚಿದ ಹುಡುಗಿಯನ್ನು. ಕೆಲಸ ಬಲ್ಲ ಬ್ಯೂಟಿಷಿಯನ್ ಮಾತ್ರ ಬೈಗುಳ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳುತ್ತಾರೆ: “ಅಕ್ಕಾ, ನಿಮ್ಮನೆಗೆ ಬರೋದು ಕಾವೇರಿ ನೀರಾ, ಬೋರ್ ನೀರಾ? ವಾರಕ್ಕೆ ಎಷ್ಟು ಸಲ ತಲೆಗೆ ಸ್ನಾನ ಮಾಡ್ತೀರಿ?” ದುಬಾರಿ ಶಾಂಪೂ, ಸೀರಮ್, ಮಾಸ್ಕ್‌ಗಳ ಮಾತೆಲ್ಲ ಆಮೇಲೆ. ಬಣ್ಣದ ಆಯಸ್ಸನ್ನು ನಿರ್ಧರಿಸುವುದು ಮುಖ್ಯವಾಗಿ ನೀರು ಮತ್ತು ತೊಳೆಯುವ ರೀತಿ. ಎರಡೂ ನಮ್ಮ ಕೈಯಲ್ಲೇ ಇವೆ.

ಬಣ್ಣ ಕೂದಲಿನ ಯಾವ ಭಾಗದಲ್ಲಿ ಕೂತಿರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕೂದಲಿನ ಪ್ರತಿ ಎಳೆಗೂ ಹೆಂಚು ಹೊದಿಸಿದ ಮಾಡಿನ ಹಾಗೆ, ಒಂದರ ಮೇಲೊಂದು ಒರಗಿದ ತೆಳು ಪದರಗಳ ಹೊದಿಕೆ ಇದೆ. ಅದು ಕ್ಯೂಟಿಕಲ್. ಒಳಗಿನ ತಿರುಳು ಕಾರ್ಟೆಕ್ಸ್. ಪರ್ಮನೆಂಟ್ ಕಲರ್‌ನಲ್ಲಿರುವ ಅಮೋನಿಯಾ ಕೂದಲನ್ನು ಉಬ್ಬಿಸಿ ಈ ಪದರಗಳನ್ನು ಸಡಿಲಿಸುತ್ತದೆ. ಆಗ ಒಳಗೆ ನುಸುಳುವುದು ಇನ್ನೂ ಬಣ್ಣವೇ ಮೂಡದ ಪುಟ್ಟ ಅಣುಗಳು. ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದಾಗಲೇ ಬಣ್ಣ ಬರುತ್ತದೆ. ಬೆಸೆದ ಅಣು ದೊಡ್ಡದು, ಬಂದ ದಾರಿಯಲ್ಲಿ ಸಲೀಸಾಗಿ ಹೊರಹೋಗದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶುಲ್ಲೆರ್ 1907ರಲ್ಲಿ ಕೃತಕ ಹೇರ್ ಡೈ ತಯಾರಿಸಿದರು, 1909ರಲ್ಲಿ ಕಂಪನಿ ಕಟ್ಟಿದರು. ಅದೇ ಇಂದಿನ ಲೋರಿಯಲ್. ಶತಮಾನ ಕಳೆದರೂ ಪರ್ಮನೆಂಟ್ ಬಣ್ಣದ ಮೂಲ ಉಪಾಯ ಹೆಚ್ಚುಕಡಿಮೆ ಹಾಗೇ ಇದೆ. ‘ಅಮೋನಿಯಾ ಫ್ರೀ’ ಎಂದು ಬರೆದ ಡಬ್ಬಿಯಲ್ಲೂ ಅಮೋನಿಯಾದ ಕೆಲಸ ಮಾಡುವ ಇನ್ನೊಂದು ಕ್ಷಾರ ಇದ್ದೇ ಇರುತ್ತದೆ. ಮೂಗಿಗೆ ಹಿತ, ನಿಜ. ಕೂದಲಿಗೂ ಅಷ್ಟೇ ಹಿತ ಎಂದುಕೊಳ್ಳಬೇಡಿ.

ಕಾಲೇಜು ಹುಡುಗಿಯರ ನೀಲಿ, ಗುಲಾಬಿ, ನೇರಳೆ ಎಳೆಗಳ ಕಥೆ ಬೇರೆ. ನಮ್ಮ ಕಪ್ಪು ಕೂದಲ ಮೇಲೆ ಈ ಬಣ್ಣಗಳು ಕಾಣಬೇಕಾದರೆ ಮೊದಲು ಬ್ಲೀಚ್ ಆಗಬೇಕು. ಬ್ಲೀಚ್ ಆದ ಕೂದಲು ತೂತುತೂತಾಗಿರುತ್ತದೆ. ಅದರ ಮೇಲೆ ಹಚ್ಚುವ ಬಣ್ಣಕ್ಕೆ ಪೆರಾಕ್ಸೈಡ್‌ನ ಬೆಸುಗೆ ಇಲ್ಲ. ಹೊರ ಪದರಗಳ ಆಸುಪಾಸಿನಲ್ಲಿ ಅಂಟಿಕೊಂಡಿರುತ್ತದೆ ಅಷ್ಟೆ. ಪ್ರತಿ ತೊಳೆತಕ್ಕೂ ಇಳಿಯುವುದು ಅದರ ಸ್ವಭಾವ. ಇಂಥ ಬಣ್ಣ ಆರು ತಿಂಗಳು ಇರುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಪರ್ಮನೆಂಟ್ ಬಣ್ಣಗಳಲ್ಲೂ ಕೆಂಪು ಛಾಯೆಯವು ಎಲ್ಲಕ್ಕಿಂತ ಬೇಗ ಮಂಕಾಗುತ್ತವೆ. ಬರ್ಗಂಡಿ, ಮಹಾಗನಿ ಹಾಕಿಸುವವರು ಇದನ್ನು ಮೊದಲೇ ಒಪ್ಪಿಕೊಂಡು ಕುರ್ಚಿಯಲ್ಲಿ ಕೂರುವುದು ಒಳ್ಳೆಯದು.

ನೀರಿನ ವಿಚಾರ

ಶಾಂಪೂ ಬಣ್ಣ ತೆಗೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬರೀ ನೀರೂ ತೆಗೆಯುತ್ತದೆ ಎಂಬುದು ಗೊತ್ತಿರುವುದಿಲ್ಲ. ನೆನೆದ ಕೂದಲು ಉಬ್ಬುತ್ತದೆ, ಪದರಗಳು ಬಿಚ್ಚಿಕೊಳ್ಳುತ್ತವೆ, ಒಳಗಿನ ಬಣ್ಣ ಅಷ್ಟಷ್ಟಾಗಿ ಕರಗಿ ಹೋಗುತ್ತದೆ. ಹೀಗಾಗಿ, ಶಾಂಪೂ ಹಾಕುವುದಿಲ್ಲವಲ್ಲ ಎಂದು ದಿನಾ ಶವರ್ ಕೆಳಗೆ ತಲೆ ಒಡ್ಡುವವರ ಬಣ್ಣವೂ ಬೇಗನೆ ಹೋಗುತ್ತದೆ. ವಾರಕ್ಕೆ ಎರಡು ತಲೆಸ್ನಾನ ಸಾಕು. ಉಳಿದ ದಿನ ಶವರ್ ಕ್ಯಾಪ್ ಇರಲಿ. ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ತರುವ ಶಾಂಪೂವಿಗಿಂತ ಆ ಪ್ಲಾಸ್ಟಿಕ್ ಟೋಪಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೀಸರ್ ನೀರನ್ನು ತಣ್ಣೀರು ಬೆರೆಸದೆ ತಲೆಗೆ ಸುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಹಂಡೆ ನೀರಿನ ಕಾಲದಿಂದ ಬಂದ ಸುಖ ಅದು. ನೀರು ಬಿಸಿಯಾದಷ್ಟೂ ಕೂದಲು ಹೆಚ್ಚು ಉಬ್ಬುತ್ತದೆ, ಬಣ್ಣ ಹೆಚ್ಚು ಇಳಿಯುತ್ತದೆ. ಮೈಗೆ ಎಷ್ಟು ಬಿಸಿ ಬೇಕಾದರೂ ಹಾಕಿಕೊಳ್ಳಿ, ತಲೆಗೆ ಮಾತ್ರ ಉಗುರುಬೆಚ್ಚಗಿರಲಿ. ಹಿಮದಂಥ ನೀರು ಸುರಿದುಕೊಂಡು ನಡುಗಬೇಕಾದ ಅಗತ್ಯವೂ ಇಲ್ಲ.

ಇನ್ನು ಬೋರ್‌ವೆಲ್. ಬೆಂಗಳೂರಿನ ಹೊರವಲಯ, ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರಿಗೆ ಗಡಸು ನೀರಿನ ಪರಿಚಯ ಬೇರೆಯವರು ಮಾಡಿಕೊಡಬೇಕಿಲ್ಲ. ನಲ್ಲಿಯ ಬಾಯಿಗೆ ಬಿಳಿ ಪೊರೆ, ಬಕೆಟ್ಟಿನ ಅಂಚಿಗೆ ಉಪ್ಪಿನ ಗೆರೆ, ಎಷ್ಟು ಉಜ್ಜಿದರೂ ಬಾರದ ನೊರೆ. ನಲ್ಲಿಗೆ ಅಂಟುವ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೂ ಅಂಟುತ್ತವೆ. ಬಣ್ಣ ಒಳಗಿದ್ದರೂ ಮೇಲಿನ ಪೊರೆಯಿಂದಾಗಿ ಮಂಕಾಗಿ, ಒರಟಾಗಿ ಕಾಣುತ್ತದೆ. ನೊರೆ ಬಾರದ ಕಾರಣ ಶಾಂಪೂ ಎರಡು ಪಾಲು ಸುರಿಯುತ್ತೇವೆ, ನಷ್ಟವೂ ಎರಡು ಪಾಲಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅಪಾರ್ಟ್‌ಮೆಂಟ್ ಸಂಘದವರು ನೀರಿನ ಪರೀಕ್ಷೆ ಮಾಡಿಸಿದ್ದರೆ ಆ ವರದಿ ಕೇಳಿ ನೋಡಿ. ಕರಾವಳಿ, ಮಲೆನಾಡಿನ ಬಾವಿನೀರು ಸಾಮಾನ್ಯವಾಗಿ ಮೃದು. ಅಲ್ಲಿ ಕೆಲವೆಡೆ ಕಬ್ಬಿಣದಂಶದ ಕಾಟ. ಬಕೆಟ್ಟಿನ ತಳದಲ್ಲಿ ಕಂದು ಕಲೆ ಕಟ್ಟಿದರೆ ತಿಳಿ ಬಣ್ಣದ ಹೈಲೈಟ್ಸ್‌ಗೂ ಆ ಛಾಯೆ ಬರಬಹುದು.

ಪರಿಹಾರಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ತಲೆಸ್ನಾನವೆಲ್ಲ ಮಾಮೂಲಿ ನೀರಿನಲ್ಲಾಗಲಿ, ಕೊನೆಯ ಒಂದೆರಡು ಚೊಂಬು ಮಾತ್ರ ಶುದ್ಧೀಕರಿಸಿದ ಆರ್‌ಒ ನೀರೋ, ಹಿಡಿದಿಟ್ಟ ಮಳೆನೀರೋ ಆಗಿರಲಿ. ಇಲ್ಲೊಂದು ಎಚ್ಚರಿಕೆ. ಆರ್‌ಒ ಯಂತ್ರದ ಪಕ್ಕದ ಪೈಪಿನಿಂದ ಹೊರಬೀಳುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುವ, ಪಾತ್ರೆ ತೊಳೆಯುವ ಮಿತವ್ಯಯದ ಗೃಹಿಣಿಯರು ಬೆಂಗಳೂರಿನಲ್ಲಿ ಬಹಳ. ಆ ನೀರು ತಲೆಗೆ ಬೇಡ. ಫಿಲ್ಟರ್ ತೆಗೆದುಹಾಕಿದ ಲವಣಗಳೆಲ್ಲ ಅದರಲ್ಲೇ ಸೇರಿರುವುದರಿಂದ ಅದು ಬೋರ್ ನೀರಿಗಿಂತಲೂ ಗಡಸು. ಶವರ್‌ಗೆ ಸಿಕ್ಕಿಸುವ ಪುಟ್ಟ ಫಿಲ್ಟರ್‌ಗಳ ಜಾಹೀರಾತನ್ನೂ ಪೂರ್ತಿ ನಂಬಬೇಡಿ. ಕ್ಲೋರಿನ್ ಕಡಿಮೆ ಮಾಡುವುದು ಬೇರೆ, ಗಡಸುತನ ತೆಗೆಯುವುದು ಬೇರೆ. ಉಪ್ಪು ಹಾಕಿ ನಡೆಸುವ ಸಾಫ್ಟನರ್ ಕಟ್ಟಡಕ್ಕೇ ಇದ್ದರೆ ಆ ಮಾತು ಬೇರೆ.

ಈಗಾಗಲೇ ಕಟ್ಟಿರುವ ಪೊರೆ ಬಿಡಿಸಲು ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂ ಸಿಗುತ್ತದೆ. ಅದನ್ನು ಬಳಸಬೇಕಾದ್ದು ಮುಂದಿನ ಬಣ್ಣಕ್ಕೆ ಪಾರ್ಲರಿಗೆ ಹೋಗುವ ಮುಂಚೆ. ಬಣ್ಣ ಹಾಕಿಸಿದ ವಾರದಲ್ಲೇ ಬಳಸಿದರೆ ಪೊರೆಯ ಜೊತೆ ಬಣ್ಣವನ್ನೂ ಕರೆದೊಯ್ಯುತ್ತದೆ.

ಉಪ್ಪು, ವಿನೆಗರ್, ಮೂರು ದಿನದ ಪಥ್ಯ

ಹೊಸ ಕಾಟನ್ ಸೀರೆಯನ್ನು ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿಡುವ ರೂಢಿ ನಮ್ಮದು. ಅದನ್ನೇ ತಲೆಗೂ ಅನ್ವಯಿಸಿ, ಬಣ್ಣ ಕಟ್ಟಲೆಂದು ಉಪ್ಪುನೀರು ಹೊಯ್ದುಕೊಳ್ಳುವವರಿದ್ದಾರೆ. ಕೂದಲ ಬಣ್ಣಕ್ಕೂ ಉಪ್ಪಿಗೂ ಅಂಥ ಸಂಬಂಧವಿಲ್ಲ. ಕೂದಲು ಒಣಗುವುದೊಂದೇ ಲಾಭ. ವಿನೆಗರ್ ಕೂಡ ಬಣ್ಣ ಕಟ್ಟುವುದಿಲ್ಲ. ಆದರೆ ಹುಳಿಯ ಗುಣದಿಂದ ಎದ್ದ ಪದರಗಳನ್ನು ಮಲಗಿಸಿ, ಗಡಸು ನೀರಿನ ಪೊರೆಯನ್ನು ಸ್ವಲ್ಪ ಸಡಿಲಿಸಿ ಹೊಳಪು ತರುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಹದಿನೈದು ದಿನಕ್ಕೊಮ್ಮೆ, ಕಣ್ಣಿಗೆ ಬೀಳದಂತೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಕೂರುವುದಂತೂ ಬೇಡವೇ ಬೇಡ, ಬಣ್ಣ ತಿಳಿಯಾಗಲೆಂದೇ ಮಾಡುವ ಕೆಲಸ ಅದು. ಅಡುಗೆ ಸೋಡಾ ಕೂಡ ಅದೇ ಸಾಲಿನದು.

ಬಣ್ಣ ಹಾಕಿಸಿದ ಮೇಲೆ ಮೂರು ದಿನ ತಲೆಗೆ ನೀರು ತಾಗಿಸಬೇಡಿ ಎಂದು ಪಾರ್ಲರಿನವರು ಹೇಳುತ್ತಾರೆ. ಪರ್ಮನೆಂಟ್ ಬಣ್ಣ ಕಟ್ಟುವ ಕ್ರಿಯೆ ಬಹುಪಾಲು ಆ ಕುರ್ಚಿಯಲ್ಲೇ ಮುಗಿದಿರುತ್ತದೆ. ಆದರೂ ಎರಡು ಮೂರು ದಿನ ತಾಳಿದರೆ ನಷ್ಟವೇನಿಲ್ಲ, ಒಂದು ತೊಳೆತವಾದರೂ ಉಳಿಯಿತಲ್ಲ. ಮೊದಲ ಸ್ನಾನದಲ್ಲಿ ನೊರೆ ಟೀ ಬಣ್ಣಕ್ಕೆ ತಿರುಗಿದರೆ, ಬಿಳಿ ಟವೆಲ್ಲಿಗೆ ಕೆಂಪು ಹತ್ತಿದರೆ ಗಾಬರಿ ಬೇಡ. ಹೊರಗೆ ಉಳಿದಿದ್ದ ಹೆಚ್ಚುವರಿ ಬಣ್ಣ ಅದು. ಐದಾರು ಸ್ನಾನದ ನಂತರವೂ ಬ್ರೌನ್ ಬಣ್ಣ ನೊರೆಯಲ್ಲಿ ಕಾಣುತ್ತಿದ್ದರೆ ಪಾರ್ಲರಿನವರನ್ನು ಕೇಳುವುದು ನ್ಯಾಯ.

ಎಣ್ಣೆಸ್ನಾನದ ಸಂಕಟ

ವಿದೇಶಿ ಕಂಪನಿಗಳ ಕರಪತ್ರಗಳಲ್ಲಿ ಇಲ್ಲದ, ನಮ್ಮ ಮನೆಗಳಲ್ಲಿ ಮಾತ್ರ ಇರುವ ಸಮಸ್ಯೆ ಇದು. ಶನಿವಾರ ರಾತ್ರಿ ಅಮ್ಮ ಹಿಡಿದು ಕೂರಿಸಿ ಹರಳೆಣ್ಣೆ, ಕೊಬ್ಬರಿ ಎಣ್ಣೆ ಕಾಯಿಸಿ ತಲೆಗೆ ಒತ್ತುತ್ತಾರೆ. ಭಾನುವಾರ ಬೆಳಗ್ಗೆ ಜಿಡ್ಡು ಹೋಗಲಿಲ್ಲವೆಂದು ಶಾಂಪೂ ಮೂರು ಸಲ. ಅಲ್ಲಿಗೆ ಹದಿನೈದು ದಿನದ ಬಣ್ಣ ಒಂದೇ ಬೆಳಗಿನಲ್ಲಿ ಮೋರಿ ಸೇರುತ್ತದೆ.

ತಪ್ಪು ಎಣ್ಣೆಯದಲ್ಲ. ಕೊಬ್ಬರಿ ಎಣ್ಣೆ ಕೂದಲ ಒಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೇ ತೋರಿಸಿದೆ. ಅದೇ ಪರೀಕ್ಷೆಯಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಕಾಣಲಿಲ್ಲ. ಕೂದಲು ನೀರು ಕುಡಿದು ಉಬ್ಬುವುದನ್ನು ಕೊಬ್ಬರಿ ಎಣ್ಣೆ ತಡೆಯುತ್ತದೆ, ಬಣ್ಣಕ್ಕೂ ಇದು ಅನುಕೂಲವೇ. ತೊಂದರೆ ಇರುವುದು ಜಿಡ್ಡು ತೆಗೆಯುವ ರಭಸದಲ್ಲಿ. ಹೀಗಾಗಿ ಎಣ್ಣೆ ಬಿಡಬೇಡಿ, ಕ್ರಮ ಬದಲಿಸಿ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಎರಡು ಚಮಚ ಕೊಬ್ಬರಿ ಎಣ್ಣೆ, ಕಿವಿಯಿಂದ ಕೆಳಗಿನ ಕೂದಲಿಗೆ ಹೆಚ್ಚು, ನೆತ್ತಿಗೆ ಕಡಿಮೆ. ನೀರು ಹಾಕುವ ಮೊದಲೇ ಎಣ್ಣೆಯ ಮೇಲೆ ಒಂದು ಹಿಡಿ ಅಗ್ಗದ ಕಂಡೀಷನರ್ ಸವರಿ ಎರಡು ನಿಮಿಷ ಬಿಡಿ. ಜಿಡ್ಡು ಅದರೊಂದಿಗೆ ಬೆರೆತು ಸಡಿಲವಾಗುತ್ತದೆ. ಆಮೇಲೆ ತೊಳೆದು, ನೆತ್ತಿಗೆ ಮಾತ್ರ ಒಂದೇ ಸಲ ಶಾಂಪೂ. ಇಳಿದು ಬರುವ ನೊರೆಯೇ ತುದಿಗಳಿಗೆ ಸಾಕು. ಹರಳೆಣ್ಣೆ ಅಂಟು ಜಾಸ್ತಿ, ಬಣ್ಣ ಇರುವಷ್ಟು ದಿನ ಅದನ್ನು ದೂರ ಇಡುವುದು ವಾಸಿ.

ನರಕ ಚತುರ್ದಶಿ, ಯುಗಾದಿಯ ಅಭ್ಯಂಜನ ತಪ್ಪಿಸುವಂತಿಲ್ಲ. ಬಣ್ಣವನ್ನು ಹಬ್ಬ ಕಳೆದ ಮೇಲೆ ಹಾಕಿಸಿ. ಹಬ್ಬಕ್ಕೇ ಬೇಕೆಂದರೆ ಅಂದು ಶಾಸ್ತ್ರಕ್ಕೆ ನೆತ್ತಿಗೆ ನಾಲ್ಕು ಹನಿ ಒತ್ತಿಸಿಕೊಂಡು ಸುಮ್ಮನಾಗಿ. ಮದುಮಗಳಿಗೆ ಇನ್ನೊಂದು ಮಾತು: ಬ್ಲೀಚ್ ಮಾಡಿದ ಹೈಲೈಟ್ಸ್ ಇದ್ದರೆ ಅರಿಶಿನ ಶಾಸ್ತ್ರದ ದಿನ ಕೂದಲನ್ನು ಬಿಗಿಯಾಗಿ ಜಡೆ ಹೆಣೆದು, ಮೇಲೆ ಕಂಡೀಷನರ್ ಸವರಿ, ಗಂಟು ಕಟ್ಟಿ. ತೂತಾದ ಕೂದಲು ಅರಿಶಿನವನ್ನು ಬಟ್ಟೆಯಷ್ಟೇ ಚೆನ್ನಾಗಿ ಹೀರಿಕೊಳ್ಳುತ್ತದೆ.

ಸೀಗೆಕಾಯಿ ಹಾಕಬಹುದಾ ಎಂದು ಕೇಳುವವರು ಬಹಳ. ಸೀಗೆ, ಅಂಟುವಾಳ ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಇದೆ. ಅದೂ ಜಿಡ್ಡು ತೆಗೆಯುವ ವಸ್ತುವೇ. ಜೊತೆಗೆ ಪುಡಿಯ ತರಿ ಕೂದಲನ್ನು ಉಜ್ಜುತ್ತದೆ, ತೆಗೆಯಲು ನೀರೂ ಹೆಚ್ಚು ಬೇಕು. ಕಪ್ಪು, ಕಡು ಬ್ರೌನ್ ಬಣ್ಣದವರು ಸೋಸಿದ ಕಷಾಯವನ್ನು ಬಳಸಿಕೊಳ್ಳಲಿ. ಹೈಲೈಟ್ಸ್ ಇರುವವರು ಬಿಟ್ಟುಬಿಡಲಿ. ಕಂದು ಕಷಾಯ ತಿಳಿ ಬಣ್ಣದ ಮೇಲೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. ಮೈಸೋಪನ್ನು ತಲೆಗೂ ತಿಕ್ಕಿಕೊಳ್ಳುವ ಗಂಡಸರಿಗೆ ಮಾತ್ರ ನೇರವಾಗಿ ಹೇಳಬೇಕು. ಸೋಪು ಕ್ಷಾರ, ಗಡಸು ನೀರಿನಲ್ಲಿ ಅದರಿಂದ ಕೂದಲಿಗೆ ಬಿಳಿ ಗಸಿ ಹಿಡಿಯುತ್ತದೆ. ಕಟಿಂಗ್ ಶಾಪಿನಲ್ಲಿ ಹಾಕಿಸಿದ ಕಪ್ಪು ಬಣ್ಣ ತಿಂಗಳೊಳಗೆ ಇಟ್ಟಿಗೆ ಬಣ್ಣವಾಗುವುದಕ್ಕೆ ದಿನನಿತ್ಯದ ಸೋಪು ಸ್ನಾನದ ಪಾಲು ದೊಡ್ಡದು.

ಶಾಂಪೂ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಪಟ್ಟಿಯ ಎರಡನೆಯದೋ ಮೂರನೆಯದೋ ಹೆಸರಾಗಿದ್ದರೆ ಅದು ಬಿರುಸು ಶಾಂಪೂ. ಸಲ್ಫೇಟ್ ಇಲ್ಲದ್ದು ಮೇಲು, ಆದರೆ ಪವಾಡವಲ್ಲ. ದಿನಾ ಬಳಸಿದರೆ ಅದೂ ಬಣ್ಣ ಉಳಿಸದು. ಹೊಟ್ಟಿನ ಶಾಂಪೂಗಳಲ್ಲಿ ಸೆಲೆನಿಯಂ ಸಲ್ಫೈಡ್ ಇರುವವು ಬಣ್ಣ ಹಾಕಿದ ಕೂದಲಿನ ಛಾಯೆ ಕೆಡಿಸಬಹುದು. ಹಾಗೆಂದು ಚರ್ಮವೈದ್ಯರು ಬರೆದುಕೊಟ್ಟ ಶಾಂಪೂವನ್ನು ಬಣ್ಣದ ಆಸೆಗೆ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಅವರನ್ನೇ ಕೇಳಿ. ಪ್ರತಿ ಶಾಂಪೂ ನಂತರ ಕಂಡೀಷನರ್ ಕಡ್ಡಾಯ. ನೀರು ಒರೆಸಲು ದಪ್ಪ ಟರ್ಕಿ ಟವೆಲ್ಲಿಗಿಂತ ಮನೆಯಲ್ಲಿ ಬಿದ್ದಿರುವ ಹಳೇ ಕಾಟನ್ ಪಂಚೆ ಒಳ್ಳೆಯದು. ಉಜ್ಜದೆ, ಹಿಂಡದೆ, ಒತ್ತಿ ಒತ್ತಿ ಒರೆಸಿ.

ಛಾಯೆ ಕೆಟ್ಟಾಗ

ಬ್ರೌನ್ ಹೈಲೈಟ್ಸ್ ಒಂದೂವರೆ ತಿಂಗಳಲ್ಲಿ ಕಿತ್ತಳೆಯಾಗುವುದು ಎಲ್ಲರ ದೂರು. ನಮ್ಮ ಕಪ್ಪು ಕೂದಲಿನ ಸಹಜ ಬಣ್ಣವನ್ನು ತಿಳಿಗೊಳಿಸುತ್ತ ಹೋದರೆ ಒಳಗಿಂದ ಕಾಣುವುದು ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ. ಛಾಯೆ ತಿದ್ದಲು ಮೇಲೆ ಹಾಕಿದ ಟೋನರ್ ತೊಳೆದುಹೋದಂತೆ ಇದು ಹೊರಗೆ ಇಣುಕುತ್ತದೆ. ಮಾರುಕಟ್ಟೆಯಲ್ಲಿ ಹೆಸರು ಮಾಡಿರುವುದು ನೇರಳೆ ಶಾಂಪೂ, ಆದರೆ ಅದು ಹಳದಿಯನ್ನು ಅಡಗಿಸುವಂಥದ್ದು; ಬಹಳ ತಿಳಿಯಾದ ಹೊಂಬಣ್ಣಕ್ಕೆ ಸರಿ. ಕಿತ್ತಳೆಯನ್ನು ಅಡಗಿಸುವುದು ನೀಲಿ. ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ನೀಲಿ ಶಾಂಪೂ, ಕೊಂಡುಕೊಳ್ಳುವುದು ನೇರಳೆ. ವಾರಕ್ಕೊಮ್ಮೆ, ಮೂರರಿಂದ ಐದು ನಿಮಿಷ, ಕೈಗೆ ಗ್ಲೌಸ್ ಹಾಕಿಕೊಂಡು ಬಳಸಿ. ಬರ್ಗಂಡಿಯವರಿಗೆ ಕೆಂಪು ಬಣ್ಣ ಬಿಡುವ ಕಲರ್ ಮಾಸ್ಕ್ ಸಿಗುತ್ತದೆ. ಹತ್ತು ದಿನಕ್ಕೊಮ್ಮೆ ಹಚ್ಚಿದರೆ ಟಚ್‌ಅಪ್ ಒಂದಷ್ಟು ವಾರ ಮುಂದೆ ಹೋಗುತ್ತದೆ. ದಿಂಬಿನ ಕವರ್ ಮಾತ್ರ ಹಳೆಯದಿರಲಿ.

ಬಿಸಿಲೂ ಬಣ್ಣ ಕುಡಿಯುತ್ತದೆ. ಸ್ಕೂಟರಿನವರಿಗೆ ಹೆಲ್ಮೆಟ್ ನೆತ್ತಿ ಕಾಯುತ್ತದೆ, ಹೊರಗೆ ಹಾರಾಡುವ ಜಡೆ ಸುಡುತ್ತದೆ. ಜಡೆಯನ್ನು ದುಪಟ್ಟಾದೊಳಗೆ ಸೇರಿಸಿ. ಈಜುಕೊಳಕ್ಕೆ ಇಳಿಯುವ ಮುಂಚೆ ಒಳ್ಳೆಯ ನೀರಿನಲ್ಲಿ ತಲೆ ನೆನೆಸಿಕೊಂಡು ಕ್ಯಾಪ್ ಹಾಕಿ. ನೆನೆದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ತಿಳಿಗೂದಲು ಹಸಿರಾಗುವುದಕ್ಕೆ ಕ್ಲೋರಿನ್ನಿಗಿಂತ ನೀರಿನಲ್ಲಿರುವ ತಾಮ್ರವೇ ಕಾರಣ. ಸ್ಟ್ರೇಟ್‌ನರ್‌ನ ಕಾವು 180 ಡಿಗ್ರಿ ದಾಟದಿರಲಿ, ಒದ್ದೆ ಕೂದಲಿಗೆ ಅದನ್ನು ಮುಟ್ಟಿಸಲೇಬೇಡಿ. ಸ್ಮೂದನಿಂಗ್, ಕೆರಾಟಿನ್ ಮಾಡಿಸುವ ಯೋಚನೆಯಿದ್ದರೆ ಅದು ಮೊದಲಾಗಲಿ, ಬಣ್ಣ ಎರಡು ವಾರ ಬಿಟ್ಟು.

ನರೆ ಮುಚ್ಚಲು ಬಣ್ಣ ಹಾಕಿಸುವವರ ಕಷ್ಟ ಬೇರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಬಣ್ಣ ಎಷ್ಟೇ ಗಟ್ಟಿಯಿದ್ದರೂ ಬೈತಲೆಯಲ್ಲಿ ಬಿಳಿ ಗೆರೆ ಕಾಣುತ್ತದೆ. ಆಗ ಬುಡಕ್ಕೆ ಮಾತ್ರ ಹಚ್ಚಿ. ಪ್ರತಿ ಸಲ ತುದಿಯವರೆಗೂ ಎಳೆದರೆ ತುದಿ ಕಡುಗಪ್ಪಾಗಿ, ಜೀವ ಕಳೆದುಕೊಳ್ಳುತ್ತದೆ. ಮಧ್ಯೆ ಒಂದು ಸಮಾರಂಭಕ್ಕಷ್ಟೇ ಆದರೆ ರೂಟ್ ಟಚ್‌ಅಪ್ ಪೌಡರ್ ಸಾಕು, ಅಥವಾ ಬೈತಲೆ ಪಕ್ಕಕ್ಕೆ ಸರಿಸಿ. ಕಾಸು ಖರ್ಚಿಲ್ಲ.

ಪಾರ್ಲರ್ ಬಣ್ಣದ ಮೇಲೆ ಮನೆಯಲ್ಲಿ ಮೆಹೆಂದಿ ಹಚ್ಚಿಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಶುದ್ಧ ಗೋರಂಟಿ ಕೂದಲಿಗೆ ಗಟ್ಟಿಯಾಗಿ ಅಂಟುತ್ತದೆ, ಮುಂದೆ ತಿಳಿ ಬಣ್ಣ ಬೇಕೆಂದರೆ ಅದನ್ನು ತೆಗೆಯುವುದು ಬ್ಯೂಟಿಷಿಯನ್‌ಗೆ ದೊಡ್ಡ ತಲೆನೋವು. ನೀಲಿ ಸೊಪ್ಪಿನ ಪುಡಿ ಬ್ಲೀಚ್ ಆದ ಎಳೆಗಳನ್ನು ಹಸಿರಾಗಿಸಬಹುದು. ಎಲ್ಲಕ್ಕಿಂತ ಅಪಾಯ ಕಪ್ಪು ಮೆಹೆಂದಿ ಹೆಸರಿನ ಪುಡಿಗಳದು. ಲೋಹದ ಲವಣ ಬೆರೆತ ಪುಡಿಯ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಕಾದು, ತುಂಡಾಗುವುದೂ ಉಂಟು. ಹಚ್ಚಿಕೊಂಡಿದ್ದರೆ ಪಾರ್ಲರಿನಲ್ಲಿ ಮುಚ್ಚಿಡಬೇಡಿ.

ಪ್ಯಾರಾ ಫಿನೈಲೀನ್ ಡೈಅಮೀನ್, ಅಂದರೆ ಪಿಪಿಡಿ, ಹೆಚ್ಚಿನ ಗಾಢ ಬಣ್ಣಗಳಲ್ಲಿ ಇರುತ್ತದೆ. ಹತ್ತು ವರ್ಷ ತೊಂದರೆ ಕೊಡದ ಬಣ್ಣ ಹನ್ನೊಂದನೆಯ ವರ್ಷ ಅಲರ್ಜಿ ತರಬಹುದು. ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ 48 ಗಂಟೆ ಕಾಯುವ ಪ್ಯಾಚ್ ಟೆಸ್ಟ್ ತಪ್ಪಿಸಬೇಡಿ. ನೆತ್ತಿ ತುರಿಸಿ, ರೆಪ್ಪೆ ಊದಿಕೊಂಡರೆ ತಕ್ಷಣ ತೊಳೆದು ವೈದ್ಯರನ್ನು ಕಾಣಿ. ಬಣ್ಣದ ಚಿಂತೆ ಆಮೇಲೆ. ಜಾತ್ರೆಯಲ್ಲಿ ಹಾಕುವ ಕಪ್ಪು ಮೆಹೆಂದಿಯ ಟ್ಯಾಟೂದಲ್ಲೂ ಇದೇ ಪಿಪಿಡಿ ಇರಬಹುದು; ಅದರಿಂದ ಬೊಬ್ಬೆ ಎದ್ದಿದ್ದವರು ಹೇರ್ ಡೈ ತಂಟೆಗೆ ಹೋಗುವ ಮುನ್ನ ಚರ್ಮವೈದ್ಯರನ್ನು ಕೇಳಲೇಬೇಕು.

ಮುಂದಿನ ಸಲ ಪಾರ್ಲರಿನ ಕುರ್ಚಿಯಿಂದ ಏಳುವ ಮೊದಲು ಒಂದು ಕೆಲಸ ಮಾಡಿ. ಹಚ್ಚಿದ ಬಣ್ಣದ ಕಂಪನಿ, ಟ್ಯೂಬಿನ ಮೇಲಿನ ಶೇಡ್ ನಂಬರ್, ಡೆವಲಪರ್ 20 ವಾಲ್ಯೂಮೋ 30 ವಾಲ್ಯೂಮೋ ಎಂಬುದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. 5.6 ಎಂದಿದ್ದರೆ ಚುಕ್ಕಿಯ ಹಿಂದಿನದು ಬಣ್ಣ ಎಷ್ಟು ಗಾಢ ಎಂಬುದು, ಮುಂದಿನದು ಅದರ ಛಾಯೆ. ಕಂಪನಿಯಿಂದ ಕಂಪನಿಗೆ ಛಾಯೆಯ ಅಂಕಿ ಬದಲಾಗುವುದರಿಂದ ನಂಬರ್ ಒಂದೇ ಸಾಲದು, ಹೆಸರೂ ಬೇಕು. ಊರು ಬದಲಾಗಲಿ, ಪಾರ್ಲರಿನ ಹುಡುಗಿ ಕೆಲಸ ಬಿಡಲಿ, ಟಚ್‌ಅಪ್ ಮಾಡುವವರಿಗೆ ಬೇಕಾದದ್ದು ಆ ಒಂದು ಸಾಲು.